ಕೂರಲಾಗದ ಸುನಂದ

ಹೋಳೂರಿನ ಕೋದಂಡರಾಮಪ್ಪನವರ ಮಗಳು ಸುನಂದ ಮತ್ತು ನಾನು ಒಂದೇ ಬೆಂಚಿನಲ್ಲಿ ಕೂತು ಓದಿದವರು. ಕೂತು ಎಂದು ಬರೆದುಬಿಟ್ಟೆ. ನಾನು ಕೂತಿರುತ್ತಿದ್ದೆ. ಅವಳು ಒಂದು ಕಾಲು ಮಡಿಸಿಕೊಂಡು, ಇನ್ನೊಂದನ್ನು ಅಲ್ಲಾಡಿಸುತ್ತ, ಬೆಂಚಿನ ತುದಿಯಲ್ಲಿ ಅರ್ಧ ಎದ್ದಂತೆ ಇರುತ್ತಿದ್ದಳು. ಆ ಅಲುಗಾಟಕ್ಕೆ ನನ್ನ ಅಕ್ಷರ ಸೊಟ್ಟಗಾಗುತ್ತಿತ್ತು. ನಾನೇ ಎಷ್ಟೋ ಸಲ ಮೇಷ್ಟರಿಗೆ ದೂರು ಹೇಳಿದ್ದೇನೆ. ಮೇಷ್ಟರು ಅವಳನ್ನು ಹೊರಗೆ ಬಿಸಿಲಲ್ಲಿ ನಿಲ್ಲಿಸುತ್ತಿದ್ದರು. ಅಲ್ಲಿಯೂ ಅವಳು ನಿಲ್ಲದೆ ಬಾವುಟದ ಕಟ್ಟೆಯನ್ನು ಸುತ್ತು ಹಾಕುತ್ತಿದ್ದಳು. ಅದಕ್ಕೆ ಬೇರೆ ಏಟು.

ಅವರ ಮನೆಯಲ್ಲಿ ರಾಗಿ, ಟೊಮೇಟೊ ಜೊತೆಗೆ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುತ್ತಿದ್ದರು. ಗೂಡು ಕಟ್ಟುವ ದಿನಗಳಲ್ಲಿ ಹುಳುವಿನ ಮನೆಯಲ್ಲಿ ಜೋರಾಗಿ ನಡೆಯುವಂತಿಲ್ಲ. ಸುನಂದಳಿಗೆ ಹನ್ನೊಂದು ವರ್ಷವಿದ್ದಾಗ ಅಲ್ಲಿಗೆ ಓಡಿ ಬಂದು, ಗೋಡೆಗೆ ಒರಗಿಸಿಟ್ಟಿದ್ದ ನಾಲ್ಕು ಚಂದ್ರಿಕೆಗಳನ್ನು, ಹುಳು ಗೂಡು ಕಟ್ಟುವ ಬಿದಿರ ತಟ್ಟಿಗಳನ್ನು, ಬೀಳಿಸಿದಳು. ಹುಳುವೆಲ್ಲ ನೆಲದ ಪಾಲಾಯಿತು. ಅಂದಿನಿಂದ ಪ್ರತಿ ಬೆಳೆಗೂ, ಗೂಡು ಬಿಡಿಸುವವರೆಗೆ, ಅವಳ ತಾಯಿ ವೆಂಕಟರತ್ನಮ್ಮ ಅವಳನ್ನು ಪಡಸಾಲೆಯ ಕಂಬಕ್ಕೆ ಹಸುವಿನ ಹಗ್ಗದಿಂದ ಕಾಲು ಕಟ್ಟಿ ಕೂರಿಸುತ್ತಿದ್ದರು. ಅವಳು ಎಳೆದು ಎಳೆದು ಕಣಕಾಲಿನ ಸುತ್ತ ಚರ್ಮ ಸುಲಿದಿರುತ್ತಿತ್ತು. ಊರಲ್ಲಿ ಯಾರೂ ಅದನ್ನು ತಪ್ಪು ಎನ್ನಲಿಲ್ಲ. ಮಕ್ಕಳಾಗಿದ್ದ ನಾವು ಅದನ್ನು ನೋಡಲೆಂದೇ ಹೋಗುತ್ತಿದ್ದೆವು.

ಒಂದು ಸಲ, ಹತ್ತನೇ ಕ್ಲಾಸಿನಲ್ಲಿರಬೇಕು, ನಾನು ಕೇಳಿದ್ದೆ. "ನಿಂಗೆ ಏನಾಗುತ್ತೆ ಕಣೇ? ಹತ್ತು ನಿಮಿಷ ಕೂರಕ್ಕೇನು ಕಷ್ಟ?"

ನಮ್ಮ ಕಡೆ ಹುಳು ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಮುಗಿದು ಎದ್ದ ಹುಳುವಿಗೆ ಹಸಿವೋ ಹಸಿವು.

"ನಾಲ್ಕನೇ ಜ್ವರ ಎದ್ದ ಹುಳ ಸೊಪ್ಪು ತಿನ್ನೋ ಸದ್ದು ಕೇಳಿದ್ದೀಯಲ್ಲ," ಎಂದಳು. "ಸಾವಿರಾರು ಬಾಯಿ ಒಟ್ಟಿಗೆ ಆಡ್ತಿರುತ್ತೆ. ಅದು ನನ್ನ ತೊಡೇಲಿ, ಬೆನ್ನಲ್ಲಿ ಆಗುತ್ತೆ. ಕೂತ್ರೆ ಜಾಸ್ತಿ. ಎದ್ದು ನಡೆದ್ರೆ ಒಂದಿಷ್ಟು ಕಮ್ಮಿ. ನಾನು ಬೇಕೂಂತ ಏಳಲ್ಲ ಕಣೇ. ಎದ್ದಮೇಲೆ, ಓ ಎದ್ದಿದ್ದೀನಿ ಅಂತ ಗೊತ್ತಾಗುತ್ತೆ."

ನಾನು ನಕ್ಕೆ. ಲೆಕ್ಕವನ್ನು ಕಾಗದ ಮುಟ್ಟದೆ ಬಾಯಲ್ಲೇ ಹೇಳುತ್ತಿದ್ದ ಹುಡುಗಿ ಪಬ್ಲಿಕ್ ಪರೀಕ್ಷೆಯಲ್ಲಿ ಐವತ್ತು ನಿಮಿಷಕ್ಕೆ ಪೇಪರ್ ಕೊಟ್ಟು ಹೊರಗೆ ಬಂದಳು. ಅರ್ಧ ಪ್ರಶ್ನೆ ನೋಡಿರಲೇ ಇಲ್ಲ. ಫೇಲಾದಳು. ಅಲ್ಲಿಗೆ ಓದು ಮುಗಿಯಿತು.

ಮದುವೆ ಗೌನಿಪಲ್ಲಿಗೆ ಆಯಿತು. ಗಂಡ ಗೋಪಿ ಮಾವಿನ ತೋಟದವನು, ಕೆಟ್ಟವನಲ್ಲ. ಹಸೆಮಣೆಯ ಮೇಲೆ ಅವಳು ಏಳದಂತೆ ಸೋದರತ್ತೆ ಹಿಂದಿನಿಂದ ಸೆರಗು ಹಿಡಿದುಕೊಂಡೇ ಕೂತಿದ್ದರು. ಮೊದಲ ವರ್ಷ ಅತ್ತೆ ದೊಡ್ಡಗಂಗಮ್ಮನಿಗೆ ಸೊಸೆ ಎಂದರೆ ಹಿಗ್ಗು. ನಾಲ್ಕಾಳಿನ ಕೆಲಸ ಮಾಡ್ತಾಳೆ ಎಂದು ಬೀದಿಗೆಲ್ಲ ಹೇಳುತ್ತಿದ್ದರು. ಆಮೇಲೆ ಬೇರೆಯದು ಕಂಡಿತು. ಒಲೆಯ ಮೇಲೆ ಹಾಲಿಟ್ಟು ಕಸ ಗುಡಿಸಲು ಹೋಗುತ್ತಾಳೆ, ಕಸ ಅರ್ಧಕ್ಕೆ ಬಿಟ್ಟು ತೋಟಕ್ಕೆ ಓಡುತ್ತಾಳೆ, ಊಟದ ನಡುವೆ ಮೂರು ಸಲ ಏಳುತ್ತಾಳೆ, ಎದುರಿನವರ ಮಾತು ಮುಗಿಯುವ ಮೊದಲೇ ಬಾಯಿ ಹಾಕುತ್ತಾಳೆ. ಬರಬರುತ್ತ ಗೋಪಿ ಅವಳಿಗೆ ಏನನ್ನೂ ಹೇಳುವುದನ್ನೇ ಬಿಟ್ಟ. ಅತ್ತೆ ಬಂದವರ ಮುಂದೆ ತೆಲುಗಿನಲ್ಲಿ, "ನಿಲಕಡ ಲೇನಿ ಮನಿಷಿ," ಎನ್ನುತ್ತಿದ್ದರು. ಒಂದು ಕಡೆ ನಿಲ್ಲದ ಹೆಂಗಸು ಎಂದು. ಕೊನೆಗೆ ಊರಿನಲ್ಲಿ ಅದೇ ಅವಳ ಗುರುತಾಯಿತು.

ಎಲ್ಲಕ್ಕಿಂತ ಕಹಿಯಾದದ್ದು ಅವಳ ಅಪ್ಪನ ಸಾವು. ಆರು ವರ್ಷದ ಹಿಂದೆ ಕೋದಂಡರಾಮಪ್ಪನವರಿಗೆ ಲಕ್ವ ಹೊಡೆದು ಕೋಲಾರದ ಆಸ್ಪತ್ರೆಗೆ ಸೇರಿಸಿದ್ದರು. ಮನೆಯಲ್ಲಿ ಅವಳನ್ನು ಎಂದೂ ಗದರದಿದ್ದವರು ಅವರೊಬ್ಬರೇ. ಐದನೇ ದಿನ ಮಧ್ಯಾಹ್ನ ಅವಳ ಅಣ್ಣ ಮುರಳಿಮೋಹನ್ ಊಟಕ್ಕೆಂದು ಹೊರಟ. "ನಾನು ಬರೋವರೆಗೂ ಅಪ್ಪನ ಹತ್ರಾನೇ ಇರು. ಕದಲಬೇಡ," ಎಂದು ಹೇಳಿ ಹೋದ.

ಸುನಂದ ಸ್ಟೂಲಿನ ಮೇಲೆ ಅಪ್ಪನ ಕೈ ಹಿಡಿದು ಕೂತಳು. ಗೋಡೆಯ ಗಡಿಯಾರ ನೋಡುತ್ತ ಕೂತಳು. ಹಲ್ಲು ಕಚ್ಚಿ, ಕಾಲ ಬೆರಳುಗಳನ್ನು ನೆಲಕ್ಕೆ ಒತ್ತಿಕೊಂಡು, ನಲವತ್ತು ನಿಮಿಷ ಕೂತಿದ್ದಳು. ಅಷ್ಟು ಹೊತ್ತು ಅವಳು ಜೀವನದಲ್ಲಿ ಕೂತದ್ದೇ ಇಲ್ಲ. ಆಮೇಲೆ ತಡೆಯಲಾಗಲಿಲ್ಲ. ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ಐದಾರು ಸಲ ನಡೆದಳು. ತಿರುಗಿ ಬಂದಾಗ ನರ್ಸ್ ಹಾಸಿಗೆಯ ಸುತ್ತ ಪರದೆ ಎಳೆಯುತ್ತಿದ್ದರು.

"ಹೆತ್ತಪ್ಪನ ಹತ್ರ ಅರ್ಧ ಗಂಟೆ ಕೂರಕ್ಕಾಗ್ಲಿಲ್ವಾ ನಿಂಗೆ?" ಎಂದು ಮುರಳಿ ಕೇಳಿದ. ತಿಥಿಗೆ ಬಂದವರಿಗೆಲ್ಲ ಅದನ್ನೇ ಹೇಳಿದ. ಅವಳೂ ಹೌದೆಂದುಕೊಂಡಳು. ನಲವತ್ತು ನಿಮಿಷದ ಮಾತನ್ನು ಯಾರಿಗೂ ಹೇಳಲಿಲ್ಲ.

ಕಳೆದ ವರ್ಷ ಅವಳ ಮಗಳು ಚಂದನ ಶ್ರೀನಿವಾಸಪುರದಲ್ಲಿ ಎಂಟನೇ ಕ್ಲಾಸಿನಲ್ಲಿದ್ದಳು. ಪಾಠದ ನಡುವೆ ಎದ್ದು ಓಡಾಡುತ್ತಾಳೆ, ಡಾಕ್ಟರಿಗೆ ತೋರಿಸಿ ಎಂದು ಶಾಲೆಯಿಂದ ಹೇಳಿ ಕಳಿಸಿದರು. ಕೋಲಾರದಲ್ಲಿ ಶ್ರೀಪ್ರಿಯಾ ಎಂಬ ಮನೋವೈದ್ಯರು. ಚಂದನಳನ್ನು ಮೂರು ಸಲ ಕರೆಸಿ ಪರೀಕ್ಷೆ ಮಾಡಿದರು. ಮೂರನೇ ಸಲ ಮಗಳನ್ನು ಹೊರಗೆ ಕೂರಿಸಿ ತಾಯಿಯ ಕಡೆ ತಿರುಗಿದರು.

"ನೀವು ಚಿಕ್ಕವರಿದ್ದಾಗ ಹೇಗಿದ್ರಿ, ಸುನಂದಮ್ಮ?"

ಅದುವರೆಗೆ ಅವಳನ್ನು ಯಾರೂ ಹೀಗೆ ಕೇಳಿರಲಿಲ್ಲ. ಅವಳು ಎದ್ದು ಕಿಟಕಿಗೂ ಬಾಗಿಲಿಗೂ ಓಡಾಡುತ್ತ ಎಲ್ಲವನ್ನೂ ಹೇಳಿದಳು. ಡಾಕ್ಟರ್ ಕೂತ್ಕೊಳ್ಳಿ ಎನ್ನಲಿಲ್ಲ. ಇನ್ನೂ ಹತ್ತಾರು ಪ್ರಶ್ನೆ ಕೇಳಿದರು, ಗಂಡನನ್ನೂ ಒಂದು ದಿನ ಕರೆಸಿದರು. ಆಮೇಲೆ ಹೇಳಿದರು, "ಮಗಳಿಗಿರೋ ಎಡಿಎಚ್‌ಡಿ, ಅಂದ್ರೆ ಗಮನಾನೂ ಮೈಯೂ ಒಂದು ಕಡೆ ನಿಲ್ಲದ ತೊಂದರೆ, ನಿಮಗೂ ಇದೆ. ಚಿಕ್ಕಂದಿನಿಂದಲೂ ಇದೆ. ನೀವು ಮೊಂಡುತನಕ್ಕೆ ಮಾಡಿದ್ದಲ್ಲ ಅದು."

"ಹಾಗಾದ್ರೆ ಅವತ್ತು ಅಪ್ಪನ ಹತ್ರದಿಂದ ಎದ್ದಿದ್ದು?"

"ನಲವತ್ತು ನಿಮಿಷ ಹೇಗೆ ಕೂತಿದ್ರಿ ಅನ್ನೋದೇ ನಂಗೆ ಆಶ್ಚರ್ಯ," ಎಂದರು ಡಾಕ್ಟರ್.

ಡಾಕ್ಟರ್ ಬರೆದುಕೊಟ್ಟ ಕಾಗದ ಹಿಡಿದು ಅವಳು ನೇರ ಹೋಳೂರಿಗೆ ಬಸ್ ಹತ್ತಿದಳು. ತಾಯಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಮುರಳಿ ಕಾಗದವನ್ನು ಎರಡು ಸಲ ಓದಿದ.

"ಇದಕ್ಕೂ ಒಂದು ಇಂಗ್ಲಿಷ್ ಹೆಸರು ಹುಡುಕ್ಕೊಂಡು ಬಂದ್ಯಾ?"

"ಅಣ್ಣ, ನಾನು ಅವತ್ತು ನಲವತ್ತು ನಿಮಿಷ ಕೂತಿದ್ದೆ."

"ಇನ್ನೈದು ನಿಮಿಷ ಕೂತಿದ್ರೆ ಅಪ್ಪನ ಬಾಯಿಗೆ ನೀರಾದ್ರೂ ಬೀಳ್ತಿತ್ತು," ಎಂದು ಅವನು ಒಳಗೆ ಹೋದ.

ವೆಂಕಟರತ್ನಮ್ಮ ಕಾಯಿಂದ ಕಣ್ಣೆತ್ತಲಿಲ್ಲ. "ಅವತ್ತು ನಾನು ಕಟ್ಟಿ ಹಾಕಿದ್ದಕ್ಕೆ ನೀನು ಇಷ್ಟಾದ್ರೂ ಬಾಳ್ವೆ ಮಾಡ್ತಿದ್ದೀಯ. ಈಗ ಬಂದು ಕಾಗದ ತೋರಿಸ್ತಾಳೆ," ಎಂದರು.

ಸುನಂದ ಕಾಗದ ಮಡಿಸಿ ಬ್ಯಾಗಿಗಿಟ್ಟುಕೊಂಡು ಬಂದಳು. ಆಮೇಲೆ ತವರಿಗೆ ಹೋಗಿಲ್ಲ.

ಸುನಂದ, ಚಂದನ ಇಬ್ಬರಿಗೂ ಮಾತ್ರೆ ಶುರುವಾಯಿತು. ಮೊದಲು ಕೊಟ್ಟದ್ದು ಸುನಂದಳಿಗೆ ಆಗಿಬರಲಿಲ್ಲ, ಎದೆ ಡವಗುಟ್ಟುತ್ತಿತ್ತು. ಬದಲಾಯಿಸಿ, ಪ್ರಮಾಣ ಹೆಚ್ಚು ಕಡಿಮೆ ಮಾಡಿ, ಒಂದು ಹದಕ್ಕೆ ಬರಲು ಎರಡು ತಿಂಗಳಾಯಿತು. ಒಂದು ದಿನ ಮಧ್ಯಾಹ್ನ ತಟ್ಟೆಯ ಮುಂದೆ ಕೂತವಳು ಮುದ್ದೆ ಮುಗಿಸಿ, ಅನ್ನ ಮುಗಿಸಿ, ಮಜ್ಜಿಗೆ ಕುಡಿದು ನೋಡಿದಳು. ನಡುವೆ ಎದ್ದಿರಲಿಲ್ಲ. ಆ ಸಂಜೆ ನನಗೆ ಫೋನ್ ಮಾಡಿದಳು. ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ.

"ಇಷ್ಟು ಸುಲಭಾನಾ ಕೂರೋದು?" ಎಂದಳು. "ನೀವೆಲ್ಲ ಇಷ್ಟು ವರ್ಷ ಹೀಗೇ ಕೂತಿದ್ರಾ? ಏನೂ ಕಷ್ಟ ಇಲ್ದೆ? ಇದನ್ನೇ ದೊಡ್ಡ ಗುಣ ಅಂತ ಹೇಳ್ಕೊಂಡು ನನ್ನ ಹೊಡೆದ್ರಾ?"

ಮೇಷ್ಟರಿಗೆ ದೂರು ಹೇಳಿದವಳು ನಾನು. ಅದನ್ನು ಅವಳೂ ಮರೆತಿರಲಿಲ್ಲ, ಆದರೆ ಆ ಮಾತು ಎತ್ತಲಿಲ್ಲ.

ಈ ವರ್ಷ ಮಾವಿನ ಕಾಲ ಬಂತು. ಹಿಂದೆಲ್ಲ ಕಾಯಿ ಕಿತ್ತ ದಿನ ಅವಳು ಬೆಳಗ್ಗೆ ಆರರಿಂದ ಕತ್ತಲಾಗುವವರೆಗೆ ತೋಟಕ್ಕೂ ಶೆಡ್ಡಿಗೂ ಓಡಾಡುತ್ತ ಮೂರು ಜನ ಆರಿಸುವಷ್ಟು ಕಾಯನ್ನು ಒಬ್ಬಳೇ ಆರಿಸುತ್ತಿದ್ದಳು. ಈ ಸಲ ಎಲ್ಲರಂತೆ ಒಂದಾಳಿನ ಕೆಲಸ ಮಾಡಿದಳು. ಅದನ್ನು ಅಚ್ಚುಕಟ್ಟಾಗಿ ಮುಗಿಸಿದಳು. ಹಾಲು ಉಕ್ಕಲಿಲ್ಲ, ಮಾತಿನ ನಡುವೆ ಬಾಯಿ ಹಾಕಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ.

"ಮಾತ್ರೆ ತಿಂದು ತಿಂದು ಮೈಗಳ್ಳಿ ಆದ್ಲು," ಎಂದು ಅತ್ತೆ ಶುರು ಮಾಡಿದರು.

ಗೋಪಿ ಮೆಲ್ಲಗೇ ಹೇಳಿದ. "ಸೀಸನ್ ಮುಗಿಯೋವರೆಗೂ ಮಾತ್ರೆ ನಿಲ್ಸು. ಆಮೇಲೆ ಬೇಕಾದ್ರೆ ತಗೋ."

"ಚಂದನಂದೂ ನಿಲ್ಲಿಸ್ಲಾ?"

"ಅವಳು ಓದೋ ಹುಡುಗಿ. ನೀನು ಕೂತು ಏನ್ ಮಾಡ್ಬೇಕು?"

ಅವಳು ನಿಲ್ಲಿಸಲಿಲ್ಲ. ಆ ತಿಂಗಳು ಗೋಪಿ ಕೋಲಾರಕ್ಕೆ ಹೋದವನು ಮಗಳ ಮಾತ್ರೆ ಮಾತ್ರ ತಂದ. ಇವಳದು ಅಂಗಡಿಯಲ್ಲಿ ಇರಲಿಲ್ಲವಂತೆ. ಮರುದಿನ ಅವಳೇ ಹೋದಳು, ಅದೇ ಅಂಗಡಿಯಲ್ಲಿ ಸಿಕ್ಕಿತು. ಈಗ ಪ್ರತಿ ತಿಂಗಳೂ ಇಬ್ಬರದನ್ನೂ ತಾನೇ ಹೋಗಿ ತರುತ್ತಾಳೆ.

ಜೂನ್‌ನಲ್ಲಿ ನಾನು ಗೌನಿಪಲ್ಲಿಗೆ ಹೋಗಿದ್ದೆ. ನಾಲ್ಕು ಗಂಟೆಗೆ ಸುನಂದ ಆರಿಸುವುದನ್ನು ನಿಲ್ಲಿಸಿ, ಕ್ರೇಟೊಂದನ್ನು ಬೋರಲು ಹಾಕಿ, ಶೆಡ್ಡಿನ ಬಾಗಿಲಲ್ಲೇ ಎಲ್ಲರಿಗೂ ಕಾಣುವಂತೆ ಕೂತಳು. ಒಳಗೆ ಅತ್ತೆ ಗೊಣಗುತ್ತಿದ್ದರು. ಗೋಪಿ ಎರಡು ಸಲ ಈ ಕಡೆ ನೋಡಿದ. ಅರ್ಧ ಗಂಟೆ ಅವಳು ಕದಲಲಿಲ್ಲ.

"ಏನು ಯೋಚ್ನೆ ಮಾಡ್ತಿದ್ದೀಯ?" ಎಂದು ಕೇಳಿದೆ.

"ಏನೂ ಇಲ್ಲ. ಅವರು ನೋಡ್ಲಿ ಅಂತ ಕೂತಿದ್ದೀನಿ," ಎಂದಳು.