ಒಣಹಾಕಿದ ರಾಗಿಯಲ್ಲಿ ಪಿಸ್ಟನ್ ಲಾಕ್

ಕೊಂಚ ತಾಳಿ, ಗಾಡಿ ರಿಪೇರಿಯ ಬರಹವೆಂದು ದಾಟಿಹೋಗಬೇಡಿ. ದೊಡ್ಡಪ್ಪ ಬರುವವರೆಗಾದರೂ ಇರಿ. ಹೊಸ ಪಿಸ್ಟನ್‌ಗೆ ಎಣ್ಣೆ ಸವರಿದಾಗ ಒಂದು ವಾಸನೆ ಏಳುತ್ತದಲ್ಲ, ಮೊನ್ನೆ ತಣಿಸಂದ್ರದ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಅದು ಮೂಗಿಗೆ ಬಡಿದದ್ದೇ ತಡ, ನಾನು ಅಮೃತಹಳ್ಳಿಯ ಹಳೆಮನೆಯ ಅಂಗಳದಲ್ಲಿದ್ದೆ. ವಿಡಿಯೊ ನೋಡಿ ನೋಡಿ ಇಂಜಿನ್ ಬಿಚ್ಚಲು ಕಲಿತವಳು ನಾನು. ಆದರೆ ಪಿಸ್ಟನ್ ಕೂರಿಸುವುದನ್ನು ಮೊದಲು ಕಂಡದ್ದು ಅಲ್ಲಿ, ಸುಮಿ ಅತ್ತೆಯ ಕೈಯಲ್ಲಿ.

ತಾತ ತೀರಿಕೊಂಡ ಮೇಲೆ ಅವರ ಬೈಕು ದನದ ಕೊಟ್ಟಿಗೆಯಲ್ಲಿ ಕೆಟ್ಟು ನಿಂತಿತ್ತು. ಅದನ್ನು ಕಂಡಾಗಲೆಲ್ಲ ದೊಡ್ಡಪ್ಪ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. "ಸಂಜೆ ಗುಜರಿಯವ್ನು ಬತ್ತಾನೆ. ಅಷ್ಟ್ರಲ್ಲಿ ಸ್ಟಾರ್ಟ್ ಆದ್ರೆ ನಿಂದು, ಇಲ್ದಿದ್ರೆ ಅವಂದು," ಎಂದು ತಂಗಿಗೆ ಹೇಳಿಬಿಟ್ಟಿದ್ದರು. ಅತ್ತೆ ಬೆಳಿಗ್ಗೆಯೇ ಬೈಕನ್ನು ಅಂಗಳಕ್ಕೆ ತಳ್ಳಿಕೊಂಡು ಬಂದು ಇಂಜಿನ್ ಬಿಚ್ಚಿ ಕೂತಿದ್ದಳು. ಪಕ್ಕದಲ್ಲಿ ಅಜ್ಜಿ ಒಣಹಾಕಿದ ರಾಗಿ, ಬಿಸಿಲಿಗೆ ಕಾದ ಅದರ ಘಮ. ಪಿಸ್ಟನ್ನಿಗೆ ಅಡ್ಡಲಾಗಿ ತೂರಿಸಿದ ಪಿನ್ನು ಜಾರದಂತೆ ಎರಡೂ ಕಡೆ ಲಾಕ್ ಹಾಕಬೇಕು. ಲಾಕ್ ಎಂದರೆ ಬಾಯಿ ಬಿಟ್ಟ ಕಾಲುಂಗುರದಂಥ ಪುಟ್ಟ ತಂತಿ. ಅದನ್ನು ಹಾಕುವಾಗ ಇಂಜಿನ್ನಿನ ತೆರೆದ ಬಾಯಿಗೆ ಬಟ್ಟೆ ತುರುಕಿರಬೇಕು. ಅವಸರದಲ್ಲಿ ಅತ್ತೆ ತುರುಕಿರಲಿಲ್ಲ. ಟಿಂಗ್ ಎಂದಿತು. ಲಾಕ್ ಇಲ್ಲ.

"ಎಲ್ಲೋಯ್ತು ಅತ್ತೆ?"

"ಇಂಜಿನ್ ಒಳಗೆ ಬಿದ್ದಿದ್ರೆ ಮುಗೀತು ಪುಟ್ಟಿ. ಪೂರ್ತಿ ಬಿಚ್ಬೇಕು. ಸಂಜೆಯೊಳಗೆ ಆಗಲ್ಲ."

ಅಜ್ಜಿ ಸುಮ್ಮನಿರುವವಳೇ? "ಮದ್ವೆ ಓಲೆ ಕಳ್ಕೊಂಡೋಳಂಗೆ ಕೂತವ್ಳೆ ನೋಡು! ರಾಗಿ ಜರಡಿ ಇಡೀರಿ," ಎಂದಳು. ಅತ್ತೆ ಟಾರ್ಚ್ ಹಿಡಿದು ಇಂಜಿನ್ನಿನೊಳಗೆ ಇಣುಕುತ್ತಿದ್ದಾಗ, ಮನೆಯೊಳಗಿಂದ ಬಂದ ದೊಡ್ಡಪ್ಪ ಪಂಚೆ ಎತ್ತಿಕಟ್ಟಿ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು ಜರಡಿ ತೆಗೆದುಕೊಂಡರು. ನನಗೆ ತಡೆಯಲಾಗಲಿಲ್ಲ.

"ದೊಡ್ಡಪ್ಪ, ಅದು ನಿಮ್ಗೆ ಸಿಗ್ಬೇಕಾ, ಸಿಗ್ಬಾರ್ದಾ?"

"ಬಾಯ್ ಮುಚ್ಕೊಂಡು ಉಡ್ಕು ಕಣಮ್ಮಿ."

ರಾಗಿ ಸುರಿದು ಬರಿದಾದ ಜರಡಿಯ ಅಂಚಿನಲ್ಲಿ ಏನೋ ಮಿನುಗಿತು. ನಾನು ಕಂಡೆ. ಅವರೂ ಕಂಡರು, ಎತ್ತಿಕೊಂಡು ಮುಷ್ಟಿ ಮುಚ್ಚಿದರು. ಅತ್ತೆ ನಮಗೆ ಬೆನ್ನು ಮಾಡಿದ್ದಳು. ದೊಡ್ಡಪ್ಪ ಬೈಕು ನಿಂತಿದ್ದ ಕೊಟ್ಟಿಗೆಯ ಕಡೆ ನೋಡಿದರು, ಅತ್ತೆಯ ಬೆನ್ನು ನೋಡಿದರು, ನನ್ನನ್ನೂ ನೋಡಿದರು. ಆಮೇಲೆ ಎದ್ದು ಹೋಗಿ ಅವಳ ಮುಂದೆ ಅಂಗೈ ಚಾಚಿದರು. "ತಗೋ. ಈ ಸಲ ಬಟ್ಟೆ ತುರುಕು."

ಪಿಸ್ಟನ್ನಿನ ಮೇಲೆ ಸಿಲಿಂಡರನ್ನು ಇಳಿಸಿದವರೂ ಅವರೇ. ಅತ್ತೆ ಪಿಸ್ಟನ್ನಿನ ರಿಂಗುಗಳನ್ನು ಉಗುರಿನಿಂದ ಒತ್ತಿ ಹಿಡಿದಿದ್ದಳು. "ಮೆಲ್ಲಗಣ್ಣ, ರಿಂಗ್ ಮುರಿದೀಯ!" "ನಿನ್ನ ಎತ್ತಾಡ್ಸಿದ ಕೈ ಕಣೇ ಇದು." ಸಿಲಿಂಡರ್ ಸರ್ರನೆ ಕೂತಿತು. ಬಿಸಿಲು ಇಳಿಯುವ ಹೊತ್ತಿಗೆ ತಾತ ಮನೆಗೆ ಬರುವಾಗಿನ ಅದೇ ಸದ್ದು ಅಂಗಳ ತುಂಬಿತು. ದೊಡ್ಡಪ್ಪ ಹೊಗೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತರು. ಗುಜರಿಯವನನ್ನು ಅಜ್ಜಿಯೇ ಕಾಫಿ ಕುಡಿಸಿ ಕಳಿಸಿದಳು.

ಆ ಅಂಗಳದ ಮೇಲೆ ಈಗ ಕಟ್ಟಡವೆದ್ದಿದೆ. ಅಜ್ಜಿಯಿಲ್ಲ, ದೊಡ್ಡಪ್ಪನೂ ಇಲ್ಲ. ಮೊನ್ನೆ ಅತ್ತೆಗೆ ಫೋನ್ ಮಾಡಿ ಆ ಮುಷ್ಟಿಯ ವಿಷಯ ಹೇಳಿದೆ. ಅವಳಿಗೆ ಗೊತ್ತೇ ಇರಲಿಲ್ಲ. "ಅಣ್ಣ ಹಂಗ್ ಮಾಡಿದ್ನಾ?" ಎಂದು ಎರಡೆರಡು ಸಲ ಕೇಳಿದಳು. ಮುಚ್ಚಿದ ಆ ಕೈಯೊಳಗೆ ದೊಡ್ಡಪ್ಪ ಏನನ್ನು ತೂಗಿ ನೋಡಿದರೋ, ಇನ್ನು ಯಾರನ್ನು ಕೇಳಲಿ? ನಿಮ್ಮ ಮನೆಯಲ್ಲೂ ಯಾರಾದರೂ ತಮಗೆ ಬೇಡವಾದದ್ದನ್ನು ನಿಮಗಾಗಿ ಹುಡುಕಿ ಕೊಟ್ಟಿದ್ದರೆ ಕೆಳಗೆ ಬರೆಯಿರಿ. ಒಂದೊಂದನ್ನೂ ಓದುತ್ತೇನೆ.