ಐವತ್ತು ಮೈಕ್ರೊಫ್ಯಾರಡ್

ಬೆಳಕು ಹರಿಯುವ ಮೊದಲು ಪುಷ್ಪ ಮಾಡಿ ಮುಗಿಸುವುದು ಇಷ್ಟು: ಒಲೆಗೆ ಬೆಂಕಿ, ಗಂಜಿಗೆ ಅಕ್ಕಿ, ಅಂಗಳ ಗುಡಿಸಲು ಹಿಡಿಸೂಡಿ, ಮಾವ ಚಂದಯ್ಯನಿಗೆ ಚಾ, ಆಮೇಲೆ ಬಾವಿಯಿಂದ ಮೂವತ್ತು ಕೊಡಪಾನ ನೀರು. ಈ ಕೊನೆಯದು ಮೂರು ತಿಂಗಳಿಂದ ಸೇರಿಕೊಂಡದ್ದು. ಸ್ವಿಚ್ಚು ಹಾಕಿದರೆ ಪಂಪಿನ ಮೋಟರು ಗುಂಯ್ ಎನ್ನುತ್ತಿತ್ತು, ತಿರುಗುತ್ತಿರಲಿಲ್ಲ.

"ಸುಟ್ ಹೋಯ್ತ್ ಅದ್. ಸೀಸನ್ ಮುಗೀಲಿ, ಕಾಂಬ" ಎಂದಿದ್ದ ಗಂಡ ಪ್ರೇಮಾನಂದ, ಮೀನಿನ ಬೋಟಿಗೆ ಹೊರಡುತ್ತ.

ಪುಷ್ಪ ಯಡ್ತರೆಯಲ್ಲಿ ಹುಟ್ಟಿ ಹೆಮ್ಮಾಡಿಗೆ ಸೊಸೆಯಾಗಿ ಬಂದವಳು. ಹದಿನೆಂಟು ವರ್ಷದಿಂದ ಮೀನುಬುಟ್ಟಿ ಹೊತ್ತು ಮನೆಮನೆ ತಿರುಗುತ್ತಿದ್ದಳು. ಈಗ ಬಲಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಇನ್ನೂ ಭಾರ ಎಳೆದರೆ ಈ ಕೈಯ ಆಸೆ ಬಿಡು ಎಂದಿದ್ದರು ಡಾಕ್ಟರು. ಕೈ ಹೋದರೆ ಬುಟ್ಟಿಯೂ ಹೋದಂತೆಯೇ.

ಹೆದ್ದಾರಿ ಬದಿಯಲ್ಲಿ ಫ್ಯಾನು, ಮಿಕ್ಸಿ, ಪಂಪು ರಿಪೇರಿ ಮಾಡುವ ಚೇತನಾ ಅಂದು ಬುಟ್ಟಿ ಹೊತ್ತು ಹೋಗುತ್ತಿದ್ದವಳನ್ನು ಕೂಗಿದಳು.

"ಹ್ವಾಯ್ ಪುಷ್ಪಕ್ಕ, ಬಂಗ್ಡಿ ಇತ್ತಾ, ಬರೀ ಬುಟ್ಟಿಯಾ?"

"ಇತ್ತ್ ಮಾರಾಯ್ತಿ, ಇಳ್ಸುಕೆ ಕೈ ಕೊಡ್. ಸುಟ್ ಹೋದ ಮೋಟ್ರ್ ರಿಪೇರಿ ಆತ್ತಾ?"

"ಯಾರ್ದ್, ನಿಮ್ದಾ? ಅದಕ್ ಎಂತದೂ ಆಯ್ಲಿಲ್ಲೆ. ಹೋದದ್ದ್ ಕಂಡೆನ್ಸರ್." ಚೇತನಾ ಕಪಾಟಿನಿಂದ ಬೆರಳುದ್ದದ ಡಬ್ಬಿಯೊಂದನ್ನು ತೆಗೆದು ಮೀಟರಿಗೆ ಹಿಡಿದಳು. "ಕಾಣಿ, ಮೈಮೇಲೆ ಬರ್ದದ್ದ್ ಐವತ್ತ್ ಮೈಕ್ರೊಫ್ಯಾರಡ್. ಈಗ ಇಪ್ಪುದ್ ಎಂಟ್."

"ಎಂತ ಅದ್, ಫ್ಯಾರಡ್?"

"ಅಕ್ಕಿನ ಸೇರಲ್ಲಿ ಅಳೂದಿಲ್ಯಾ, ಹಾಂಗೆ. ಕರೆಂಟ್ ಎಷ್ಟ್ ಹಿಡ್ದ್ ಇಟ್ಕಂತ್ತ್ ಅಂಬುದ್ರ ಅಳ್ತಿ. ಅದ್ರ ಹತ್ತ್ ಲಕ್ಷದಲ್ಲೊಂದ್ ಪಾಲ್ ಮೈಕ್ರೊ. ಎಂಟಿದ್ರೆ ಮೋಟ್ರಿಗೆ ಏಳುಕೆ ಶಕ್ತಿ ಸಾಕಾತ್ತಿಲ್ಲೆ."

"ಇದ್ ನಿನ್ನತ್ರ ಹ್ಯಾಂಗ್ ಬಂತ್?"

"ನಿಮ್ಮ ಮನೆಯವ್ರೇ ಬಿಚ್ಚಿ ತಂದದ್ದ್. ಮೂರ್ ತಿಂಗ್ಳಾಯ್ತ್. ಹೊಸ್ತ್ ಕೊಡೂಕ್ ಹೋರೆ, 'ಅರ್ಜೆಂಟ್ ಇಲ್ಲೆ, ನೀರ್ ಎತ್ತುಕೆ ಮನೇಲ್ ಜನ ಇತ್ತಲೆ' ಅಂದ್ರ್. ನಾನ್ ತಮಾಷಿ ಅಂದ್ಕಂಡೆ."

ಪುಷ್ಪಳ ಕಿವಿ ಗುಂಯ್ಗುಟ್ಟಿತು. ಮೂವತ್ತು ಕೊಡಪಾನ, ತೊಂಬತ್ತು ದಿನ: ಎರಡು ಸಾವಿರದ ಏಳುನೂರು. ಅವನಿಗೆ ಗೊತ್ತಿತ್ತು. ಪ್ರತಿ ರಾತ್ರಿ ಅವಳ ಭುಜಕ್ಕೆ ಎಣ್ಣೆ ತಿಕ್ಕಿಕೊಟ್ಟವನಿಗೆ ಗೊತ್ತಿತ್ತು. ಬೆಕ್ಕೊಂದು ಬುಟ್ಟಿಗೆ ಬಾಯಿ ಹಾಕಿ ಬಂಗುಡೆ ಎಳೆದೊಯ್ದಿತು. ಅವಳು ನೋಡುತ್ತಲೇ ನಿಂತಿದ್ದಳು, ಓಡಿಸಲಿಲ್ಲ.

"ಅಕ್ಕ, ಕೂಕಣಿ. ಮುಖ ಬೆಳ್ಳಗಾಯ್ತಲೆ" ಎಂದಳು ಚೇತನಾ.

"ಹೊಸ್ತ್ ಕೊಡ್" ಎಂದಳು ಪುಷ್ಪ. "ಯಾವ ವಯರ್ ಎಲ್ಲಿಗೆ ಅಂದೇಳಿ ತೋರ್ಸ್."

ಮನೆಯಲ್ಲಿ ಮಾವ ಮಲಗಿದ್ದ. ಅವಳು ಮೇನ್ ಸ್ವಿಚ್ಚು ಆರಿಸಿ, ಪಂಪಿನ ಪೆಟ್ಟಿಗೆ ಬಿಚ್ಚಿ, ಎಡಗೈಯಿಂದಲೇ ಎರಡು ವಯರು ಸಿಕ್ಕಿಸಿದಳು. ಮೇನನ್ನೂ ಪಂಪಿನ ಸ್ವಿಚ್ಚನ್ನೂ ಹಾಕಿದಳು. ಮೋಟರು ಒಂದೇ ಏಟಿಗೆ ತಿರುಗಿತು. ಟ್ಯಾಂಕಿಗೆ ನೀರು ಬೀಳುವ ಸದ್ದು ಕೇಳಿಸಿತು. ಇಷ್ಟೇ ಆಗಿತ್ತು, ಇಷ್ಟೇ!

ಪ್ರೇಮಾನಂದ ಬೋಟಿನಿಂದ ಬರಲು ಇನ್ನೊಂದು ಗಂಟೆ ಇತ್ತು. ಬಂದವನಿಗೆ ಮೊದಲು ಬೇಕಾದದ್ದು ಹಂಡೆ ತುಂಬ ಸ್ನಾನದ ನೀರು. ಟ್ಯಾಂಕಿನ ಕೆಳಗೆ ಎರಡು ವಾಲ್ವುಗಳಿದ್ದವು. ಅಡುಗೆಮನೆಯದನ್ನು ಪುಷ್ಪ ಪೂರ್ತಿ ತೆರೆದಳು. ಬಚ್ಚಲಿನದನ್ನು ಮುಚ್ಚಿ ಬಿಗಿ ಮಾಡಿದಳು, ಅದರ ಹಿಡಿಯನ್ನು ಕಳಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.