ಬಾಂಗ್ ಆದ ಮೇಲಿನ ಪೆನಾಲ್ಟಿ

ಮಕ್ಕಳೇ, ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ ನಮ್ಮ ಮನೆ ಕತಾರಿನ ದುಖಾನ್‌ನಲ್ಲಿತ್ತು. ಅಪ್ಪನಿಗೆ ಎಣ್ಣೆ ಕಂಪನಿಯೊಂದರ ಆಫೀಸಿನಲ್ಲಿ ಕೆಲಸ. ವಾರವಿಡೀ ಫೈಲು, ಶುಕ್ರವಾರ ಮಾತ್ರ ಫುಟ್‌ಬಾಲ್. ನಮ್ಮ ಕರಾವಳಿಯವರೆಲ್ಲ ಸೇರಿ ತಂಡ ಕಟ್ಟಿದಾಗ ಎಲ್ಲರಿಗೂ ಗೋಲು ಹೊಡೆಯುವ ಆಸೆ, ಗೋಲಿಗೆ ನಿಲ್ಲಲು ಒಬ್ಬರೂ ಇಲ್ಲ. ಅಪ್ಪ ಪೈಪ್ ಕೆಲಸದವರ ದಪ್ಪ ಗ್ಲೌಸು ಬೇಡಿ ತಂದು ಹಾಕಿಕೊಂಡು ನಿಂತರು. ಅಂದಿನಿಂದ ಆ ಜಾಗ ಅವರದೇ. ತಂಡದ ಮೊದಲ ಗೋಲ್‌ಕೀಪರ್ ಎಂಬ ಹೆಮ್ಮೆ ಅವರಿಗೆ ಇಷ್ಟಿಷ್ಟಲ್ಲ.

ಆದರೆ ಅಕ್ಕನಿಗೂ ನನಗೂ ಒಂದು ಗುಟ್ಟು ಗೊತ್ತಿತ್ತು. ಹೊತ್ತು ಕಂತಿದರೆ ಅಪ್ಪನ ಕಣ್ಣು ಮಂಜಾಗುತ್ತಿತ್ತು. ಬಾಗಿಲಲ್ಲಿ ಬಿಟ್ಟ ಚಪ್ಪಲಿಯನ್ನು ಕಾಲಿನಿಂದ ತಡವಿ ಹುಡುಕುತ್ತಿದ್ದರು. ಕೇಳಿದರೆ ರೇಗುತ್ತಿದ್ದರು.

ಚಳಿಗಾಲದ ಒಂದು ಶುಕ್ರವಾರ ಅಲ್ ಖೋರ್‌ನವರ ಜೊತೆ ಪಂದ್ಯವಿತ್ತು. ಹಿಂದಿನ ಪಂದ್ಯದ ಕೊನೆಗೆ ಅಪ್ಪ ಸುಲಭದ ಚೆಂಡೊಂದನ್ನು ಬಿಟ್ಟಿದ್ದರು. "ಇವತ್ತೂ ಗೋಲು ಬಿಟ್ಟರೆ ಇನ್ನು ಹೊಸ ಹುಡುಗ ನಿಲ್ಲಲಿ" ಎಂದು ಕ್ಯಾಪ್ಟನ್ ಹೇಳಿಬಿಟ್ಟಿದ್ದರು. ಆ ಹುಡುಗ ಗೆರೆಯಾಚೆ ಕೂತು ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದ. ಅವನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು, ಪಾಪ, ಅವನದೇನೂ ತಪ್ಪಿರಲಿಲ್ಲ.

ನಾವು ಒಂದು ಗೋಲಿನಿಂದ ಮುಂದಿದ್ದೆವು. ಇನ್ನೇನು ಆಟ ಮುಗಿಯಬೇಕು, ನಮ್ಮವನೊಬ್ಬನ ಕೈಗೆ ಚೆಂಡು ತಾಗಿತು. ಪೆನಾಲ್ಟಿ! ಹೊಡೆಯಲು ಬಂದವರು ಅಲ್ ಖೋರ್ ತಂಡದಲ್ಲಿದ್ದ ಉಳ್ಳಾಲದ ಅಂಕಲ್, ಅಪ್ಪನ ಹಳೆಯ ದೋಸ್ತಿ. ಅವರು ಚೆಂಡಿಟ್ಟು ಹಿಂದೆ ಸರಿಯುವಷ್ಟರಲ್ಲಿ ಮಸೀದಿಯಿಂದ ಸಂಜೆಯ ಬಾಂಗ್ ಕೇಳಿಸಿತು. ಬಾಂಗ್ ಆದರೆ ಆಟ ನಿಲ್ಲಿಸುವುದು ಅಲ್ಲಿಯ ರೂಢಿ. ಅಂಕಲ್ ಮತ್ತು ಇನ್ನು ಕೆಲವರು ನಮಾಜಿಗೆ ಹೋದರು. ಚೆಂಡು ಇಟ್ಟಲ್ಲೇ ಇತ್ತು. ಅಪ್ಪ ಗೋಲಿನಲ್ಲಿ ಒಬ್ಬರೇ ನಿಂತಿದ್ದರು.

ಎಷ್ಟು ಕಾದರೂ ಆ ಹೊತ್ತು ಮುಗಿಯಲೇ ಇಲ್ಲ. ಕಡಲ ಕಡೆಯ ಕೆಂಪು ಆರುತ್ತಾ ಬಂತು. ತಣ್ಣನೆಯ ಗಾಳಿಯಲ್ಲಿ ಧೂಳು, ಎಣ್ಣೆ ಬಾವಿಗಳ ವಾಸನೆ. ಬಿಳಿ ಚೆಂಡು ನನ್ನ ಕಣ್ಣಿಗೇ ಬೂದು ಬಣ್ಣವಾಗಿ ಕಾಣತೊಡಗಿತು. ಅಕ್ಕ ನನ್ನ ತೋಳು ಹಿಂಡಿ, "ಅಪ್ಪನಿಗೆ ಈಗ ಎಂತದೂ ಕಾಣುದಿಲ್ಲ" ಎಂದು ಪಿಸುಗುಟ್ಟಿದಳು.

ಅಂಕಲ್ ಮರಳಿ ಬಂದು ಆಕಾಶ ನೋಡಿದರು. "ಕತ್ತಲೆ ಆಯ್ತಲ್ಲ ಮಾರಾಯ, ಕಾರಿನ ಲೈಟ್ ಹಾಕುವನಾ?"

"ಬೇಡ, ನಂಗೆ ಕಾಣ್ತದೆ. ಯಲ್ಲಾ, ಬೇಗ ಹೊಡಿ ನೀನು!" ಎಂದರು ಅಪ್ಪ. ಹಟವೆಂದರೆ ಹಟ. ನನಗೆ ಅಳು ಬರುವಷ್ಟು ಸಿಟ್ಟು ಬಂತು.

ಅಂಕಲ್ ಓಡಿ ಬಂದರು. ಕೀಪರ್ ಎಡಕ್ಕೋ ಬಲಕ್ಕೋ ಹಾರುತ್ತಾನೆಂದು ಎಣಿಸಿ ನೇರ ನಡುವಿಗೇ ಬಾರಿಸಿದರು. ಅಪ್ಪ ಹಾರಲೇ ಇಲ್ಲ. ಚೆಂಡು ಧಪ್ಪೆಂದು ಅವರ ಎದೆಗೆ ಬಡಿದು ಚಿಮ್ಮಿ ಗೋಲಿನ ಹೊರಗೆ ಉರುಳಿತು. ರೆಫ್ರಿ ಕೊನೆಯ ಸೀಟಿ ಊದಿದರು.

ಎಲ್ಲರೂ ಅಪ್ಪನನ್ನು ಎತ್ತಿ ಕುಣಿದರು. "ಎಂಥ ತಲೆ ಮಾರಾಯ್ರೆ ನಿಮ್ದು, ಅಲುಗಾಡ್ಲೇ ಇಲ್ಲ!" ಎಂದರು ಕ್ಯಾಪ್ಟನ್. ಅಪ್ಪ ನಗಲಿಲ್ಲ. ಗ್ಲೌಸು ಕಳಚಿ ಹೊಸ ಹುಡುಗನ ಕೈಗಿಟ್ಟರು. "ನಂಗೆ ಚೆಂಡು ಕಾಣ್ಲೇ ಇಲ್ಲ. ಖಲಾಸ್. ಇನ್ನು ನೀನು ನಿಲ್ಲು" ಎಂದರು. ಮನೆಗೆ ನಡೆಯುವಾಗ ಮೊದಲ ಸಲ ಎಲ್ಲರೆದುರೇ ಅಕ್ಕನ ಹೆಗಲು ಹಿಡಿದುಕೊಂಡರು.

ನಿಮ್ಮ ಮೈದಾನದಲ್ಲಿ ರಾತ್ರಿಯೂ ಹಗಲಿನಂಥ ಬೆಳಕು. ಒಂದೇ ಹೊಡೆತವನ್ನು ಫೋನಿನಲ್ಲಿ ತಿರುತಿರುಗಿಸಿ ನೋಡುತ್ತೀರಿ. ನಮಗೆ ಅದು ಒಂದೇ ಸಲ, ಅರೆಗತ್ತಲಲ್ಲಿ ಕಂಡಿತು. ಸಂಜೆ ಅಂಗಳದಲ್ಲಿ ನನ್ನನ್ನು ಗೋಲಿಗೆ ನಿಲ್ಲಿಸಿ, "ಅಜ್ಜ ಹಾರುವುದೇ ಇಲ್ಲ" ಎಂದು ನಗುತ್ತೀರಲ್ಲ, ಆ ಹೊತ್ತಿಗೆ ಈಗ ನನಗೂ ಚೆಂಡು ಕಾಣುವುದಿಲ್ಲ ಮಕ್ಕಳೇ. ನಾಳೆ ಲೈಟ್ ಹಾಕಲೇ ಎಂದು ಕೇಳಿ. ನಾನು ಬೇಡ ಎನ್ನುವುದಿಲ್ಲ.